ಹುಟ್ಟಿನ ಮೈಬಣ್ಣವೂ ಬೆಳೆದ ಮೇಲಿನ ಮೈಬಣ್ಣವೂ: ಒಂದು ಮುನ್ನರಿವಿನ ಸಮಸ್ಯೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿಗೆ ಸೇರಿದ ಮಾಡದಕೆರೆ ಹೋಬಳಿಯು ದನಕರುಗಳ ಸಾಕಣೆಗೆ ಬಹುಕಾಲದಿಂದ ಹೆಸರಾದ ಸೀಮೆಯೊಳಗೆ ಬರುತ್ತದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಆ ಮಂದೆಗಳ ಮೂಲದಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಸೇರಿದ್ದವೆಂದು ತಳಿಯ ಇತಿಹಾಸವನ್ನು ಬರೆದವರು ಹೇಳುತ್ತಾರೆ. ಈ ತಳಿಯ ಸಂವರ್ಧನ ಕೇಂದ್ರವಿರುವ ಅಜ್ಜಂಪುರವು ಹೊಸದುರ್ಗ ತಾಲ್ಲೂಕಿನ ನೆರೆಯಲ್ಲಿಯೇ ಇದೆ. ಇಂತಹ ಸೀಮೆಯಲ್ಲಿ ಕರುವಿನ ಬಣ್ಣವನ್ನು ಕುರಿತು ಎರಡು ಮಾತನಾಡದೆ ಕರುವಿನ ವ್ಯಾಪಾರ ಮುಗಿಯುವುದಿಲ್ಲ.

ವ್ಯಾಪಾರದಲ್ಲಿ ಏಳುವ ಪ್ರಶ್ನೆ ಸರಳವಾದುದು. ಕೊಟ್ಟಿಗೆಯಲ್ಲಿ ಕೆಂಗಂದು ಬಣ್ಣದ ಹೋರಿಗರುವೊಂದು ನಿಂತಿದೆ. ಅದರ ತಾಯಿ ಬೂದು. ಕೊಳ್ಳಲು ಬಂದವನ ಮನೆಯಲ್ಲಿ ಅದೇ ವಯಸ್ಸಿನ ಇನ್ನೊಂದು ಹೋರಿಗರುವಿದ್ದು, ಇವೆರಡನ್ನೂ ಜೋಡಿ ಮಾಡಬೇಕೆಂಬುದು ಅವನ ಆಸೆ. ಹೊಂದುವ ಜೋಡಿಗೆ ಒಂಟಿ ಎತ್ತಿಗಿಂತ ಹೆಚ್ಚಿನ ಬೆಲೆಯುಂಟು. ಆದರೆ ಈ ಕರು ಮುಂದೆ ಬೂದುಬಣ್ಣಕ್ಕೆ ತಿರುಗುವುದೋ, ಕೆಂಗಂದಾಗಿಯೇ ಉಳಿಯುವುದೋ? ಇಂದು ಒಂದೇ ಬಣ್ಣದಂತೆ ತೋರುವ ಎರಡು ಕರುಗಳು ನಾಲ್ಕು ವರ್ಷಗಳ ಅನಂತರ ಒಂದೇ ನೊಗದಡಿ ನಿಂತಾಗಲೂ ಹಾಗೆಯೇ ತೋರುವುವೋ? ಕೊಡುವವನು ಒಂದು ಹೇಳುತ್ತಾನೆ, ದಲ್ಲಾಳಿ ಇನ್ನೊಂದು ಹೇಳುತ್ತಾನೆ. ಹಣ ತೆತ್ತವನು ಕಾದು ನೋಡಬೇಕಾಗುತ್ತದೆ.

ಇದೇ ಪ್ರಶ್ನೆ ಅಮೆರಿಕದ ಕುದುರೆ ಸಾಕುವವರನ್ನು ಬೇರೊಂದು ರೂಪದಲ್ಲಿ ಕಾಡುತ್ತ ಬಂದಿದೆ. ಅಲ್ಲಿ ಅಪ್ಪಾಲೂಸಾ ಎಂಬ ಚುಕ್ಕೆಗುದುರೆಯ ತಳಿಯೊಂದಿದೆ. ಚುಕ್ಕೆಯ ತಂದೆಗೆ ಹುಟ್ಟಿದ ಮರಿಯು ಕೆಲವೊಮ್ಮೆ ಮೈಯೆಲ್ಲ ಒಂದೇ ಬಣ್ಣವಾಗಿ ಹುಟ್ಟುತ್ತದೆ. ಅಂತಹ ಮರಿಗಳಲ್ಲಿ ಕೆಲವು ವರ್ಷ ಕಳೆದಂತೆ ಬಿಳಿಗೂದಲನ್ನು ತಳೆದು ಚಿತ್ರಿತವಾಗುತ್ತವೆ, ಉಳಿದವು ಸಾಯುವವರೆಗೂ ಒಂದೇ ಬಣ್ಣದಲ್ಲಿರುತ್ತವೆ. ಯಾವುದು ಬದಲಾಗುವುದೆಂದು ಮೊದಲೇ ಹೇಳಲು ಸಾಧ್ಯವೇ? ನಮ್ಮ ದನಗಳ ವಿಷಯದಲ್ಲಿ ಇನ್ನೂ ಪೂರ್ಣವಾಗಿ ಬಿಡಿಸಲಾಗದ ಈ ಸಮಸ್ಯೆಯನ್ನು ಕುದುರೆಯ ವಿಷಯದಲ್ಲಿ ಬಹುಮಟ್ಟಿಗೆ ಬಿಡಿಸಲಾಗಿದೆ. ಆದುದರಿಂದ ಪ್ರಕೃತ ಲೇಖನದಲ್ಲಿ ಮೊದಲು ಬಣ್ಣ ಬದಲಾಗುವ ಬಗೆಗಳನ್ನೂ, ಅನಂತರ ಕುದುರೆಯ ನಿದರ್ಶನವನ್ನೂ ಪರಿಶೀಲಿಸಿ, ಅಲ್ಲಿ ಕಲಿತ ವಿಧಾನವನ್ನು ಮಾಡದಕೆರೆಯ ಕರುವಿಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದೆಂಬುದನ್ನು ವಿಚಾರ ಮಾಡುತ್ತೇವೆ.

1. ಬಣ್ಣವು ಬದಲಾಗುವ ಬಗೆಗಳು

ಸಸ್ತನಿಗಳ ಕೂದಲಿನ ಬಣ್ಣಕ್ಕೆ ಮೆಲನಿನ್ ಎಂಬ ವರ್ಣದ್ರವ್ಯವೇ ಕಾರಣ. ಇದರಲ್ಲಿ ಎರಡು ಬಗೆ. ಒಂದು ಕಪ್ಪು ಅಥವಾ ಕಡುಗಂದು ಛಾಯೆಯದು, ಇನ್ನೊಂದು ಕೆಂಪು ಅಥವಾ ಹಳದಿ ಛಾಯೆಯದು. ಇವನ್ನು ತಯಾರಿಸುವ ವರ್ಣಕೋಶಗಳು ಭ್ರೂಣಾವಸ್ಥೆಯಲ್ಲಿ ಬೆನ್ನಿನ ನಡುಗೆರೆಯ ಬಳಿ ಹುಟ್ಟಿ, ಅಲ್ಲಿಂದ ಚರ್ಮದ ಉದ್ದಗಲಕ್ಕೂ ಚಲಿಸಿ, ಕೂದಲಿನ ಬುಡಗಳಲ್ಲಿ ನೆಲೆಸುತ್ತವೆ. ಕೂದಲು ಉದುರಿ ಮತ್ತೆ ಬೆಳೆಯುವಾಗಲೆಲ್ಲ ಈ ಕೋಶಗಳು ಹೊಸ ಕೂದಲಿಗೆ ಬಣ್ಣವನ್ನು ಕೊಡಬೇಕು. ಹುಟ್ಟಿದಾಗಿನ ಬಣ್ಣವು ಮುಂದಿನ ಬಣ್ಣಕ್ಕೆ ಪ್ರಮಾಣವಾಗದಿರುವುದಕ್ಕೆ ಇದೇ ಕಾರಣ. ಪ್ರತಿಯೊಂದು ಹೊಸ ಕೂದಲಿನಲ್ಲಿಯೂ ಬಣ್ಣದ ಕೆಲಸವು ಮತ್ತೆ ನಡೆಯುತ್ತದೆ.

ಈ ಕೆಲಸದಲ್ಲಿ ಉಂಟಾಗುವ ವ್ಯತ್ಯಾಸಗಳನ್ನು ಸ್ಥೂಲವಾಗಿ ಮೂರು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು, ವರ್ಣಕೋಶಗಳು ಕೆಲವು ಭಾಗಗಳಿಗೆ ತಲುಪದೆಯೇ ಹೋಗುವುದು. ಆ ಭಾಗಗಳು ಹುಟ್ಟುವಾಗಲೇ ಬಿಳಿಯಾಗಿರುತ್ತವೆ. ಹೋಲ್‌ಸ್ಟೀನ್ ಮಿಶ್ರತಳಿಯ ಕರುವಿನ ಮೈಮೇಲಿನ ಕಪ್ಪು ಬಿಳುಪು ಪಟ್ಟೆಗಳನ್ನು ಇಂದು ಎಲ್ಲ ಹಳ್ಳಿಗಳಲ್ಲಿಯೂ ಕಾಣಬಹುದು. ಬೀದರ್ ಕಡೆಯ ದೇವಣಿ ತಳಿಯಲ್ಲಿ ಬಿಳಿಯ ಮೈಮೇಲೆ ಕ್ರಮವಿಲ್ಲದ ಕಪ್ಪು ಮಚ್ಚೆಗಳಿರುವ ಶೇವೆರಾ ಎಂಬ ಬಗೆಯೊಂದುಂಟು. ಇಂತಹ ಹಂಡ ಬಣ್ಣದ ಪಟ್ಟೆಗಳು ಚರ್ಮದೊಡನೆ ಹಿಗ್ಗುತ್ತವೆಯೇ ಹೊರತು ಅವುಗಳ ನಕ್ಷೆ ಬದಲಾಗುವುದಿಲ್ಲ. ಇಲ್ಲಿ ಮುನ್ನರಿವಿನ ಪ್ರಶ್ನೆಯೇ ಏಳದು.

ಎರಡನೆಯದು, ವರ್ಣಕೋಶಗಳು ಸ್ಥಳದಲ್ಲಿಯೇ ಇದ್ದು, ತಾವು ತಯಾರಿಸುವ ದ್ರವ್ಯದ ಬಗೆಯನ್ನೋ ಪ್ರಮಾಣವನ್ನೋ ವಯಸ್ಸಿಗೆ ತಕ್ಕಂತೆ ಬದಲಾಯಿಸುವುದು. ಬೂದುಬಣ್ಣದ ನಮ್ಮ ನಾಟಿ ತಳಿಗಳ ಅನೇಕ ಕರುಗಳು ಕೆಂಗಂದಾಗಿ ಹುಟ್ಟಿ ಕೆಲವು ತಿಂಗಳುಗಳಲ್ಲಿ ಬೂದಾಗುವುದು ಹೀಗೆ. ವಿಜಯಪುರ, ಬೆಳಗಾವಿ ಕಡೆಯ ಖಿಲಾರಿ ಕರುವಿನ ನೆತ್ತಿಯು ಹುಟ್ಟುವಾಗ ತುಕ್ಕುಗೆಂಪಾಗಿದ್ದು, ಒಂದೆರಡು ತಿಂಗಳಲ್ಲಿ ಆ ಕೆಂಪು ಅಳಿಸಿಹೋಗುತ್ತದೆ. ಕೆಂಪು ದ್ರವ್ಯವು ಹಿಂಜರಿದು, ಬಿಳಿಯ ಕೂದಲೂ ಕರಿಯ ಕೂದಲೂ ಉಳಿದಾಗ ದೂರದಿಂದ ನೋಡುವ ಕಣ್ಣಿಗೆ ಅದು ಬೂದಾಗಿ ತೋರುತ್ತದೆ.

ಮೂರನೆಯದು, ಸ್ಥಳದಲ್ಲಿದ್ದು ಕೆಲಸ ಮಾಡುತ್ತಿದ್ದ ವರ್ಣಕೋಶಗಳು ಕ್ರಮೇಣ ಕಡಿಮೆಯಾಗುವುದು, ಇಲ್ಲವೆ ಕೂದಲಿಗೆ ಬಣ್ಣ ಕೊಡುವ ಶಕ್ತಿಯನ್ನು ಕಳೆದುಕೊಳ್ಳುವುದು. ಕಪ್ಪಾಗಿ ಹುಟ್ಟಿದ ಕುದುರೆಯ ಮರಿಯು ಬಿಳಿಯ ಕುದುರೆಯಾಗುವುದು ಈ ಬಗೆಯಿಂದ. ಅಪ್ಪಾಲೂಸಾ ಕುದುರೆಯ ಮೈ ವರ್ಷದಿಂದ ವರ್ಷಕ್ಕೆ ನರೆಯುವುದನ್ನೂ ಇದರ ಪಕ್ಕದಲ್ಲಿಯೇ ಇರಿಸಬಹುದು.

2. ಬಿಳಿಗುದುರೆಯ ಸರಳ ನಿದರ್ಶನ

ಕುದುರೆಗಳ ಬಣ್ಣವನ್ನು ಕುರಿತ ಕುತೂಹಲ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗಳನ್ನು ಅವುಗಳ ಬಣ್ಣಕ್ಕನುಸಾರವಾಗಿ ಹೆಸರಿಸಿ ವಿಂಗಡಿಸಿರುವ ಭಾಗವಿದೆ. ಆದರೆ ಹುಟ್ಟಿದಾಗ ಒಂದು ಬಣ್ಣವಿದ್ದು ಬೆಳೆದಾಗ ಇನ್ನೊಂದಾಗುವುದರ ಕಾರಣವು ತಿಳಿದುದು ಈಚಿನ ವರ್ಷಗಳಲ್ಲಿ.

ನಾವು ಬಿಳಿಗುದುರೆ ಎಂದು ಕರೆಯುವ ಪ್ರಾಣಿಗಳಲ್ಲಿ ಬಹುಪಾಲು ಕಪ್ಪು, ಕಂದು ಅಥವಾ ಕೆಂಪು ಮರಿಯಾಗಿ ಹುಟ್ಟಿ ಅನಂತರ ಬೆಳ್ಳಗಾದಂಥವು. ಅವುಗಳ ಕೂದಲು ಬಿಳಿದಾದರೂ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಇದಕ್ಕೆ ಕಾರಣವಾದ ಜೀನ್, ಎಂದರೆ ಗುಣಾಣು, ಯಾವುದೆಂಬುದು 2008ರಲ್ಲಿ ಗೊತ್ತಾಯಿತು. ಸಿಂಟ್ಯಾಕ್ಸಿನ್-17 ಎಂಬ ಗುಣಾಣುವಿನೊಳಗೆ ಸುಮಾರು 4,600 ಅಕ್ಷರಗಳಷ್ಟು ಉದ್ದದ ತುಣುಕೊಂದು ಎರಡು ಸಲ ಬರೆಯಲ್ಪಟ್ಟಿರುವುದೇ ಈ ನರೆಗೆ ಮೂಲ. 2024ರಲ್ಲಿ ಪ್ರಕಟವಾದ ಸಂಶೋಧನೆಯು ಇನ್ನೊಂದು ಸೂಕ್ಷ್ಮವನ್ನು ತೋರಿಸಿತು. ಆ ತುಣುಕು ಎರಡು ಸಲವಿದ್ದರೆ ಕುದುರೆ ನಿಧಾನವಾಗಿ ನರೆಯುತ್ತದೆ, ಮೂರು ಸಲವಿದ್ದರೆ ಬೇಗನೆ ನರೆಯುತ್ತದೆ. ಬೇಗನೆ ನರೆಯುವ ಕುದುರೆಗಳಲ್ಲಿಯೇ ಚರ್ಮದ ಕರಿಗಂತಿಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ.

ಈ ಗುಣ ಪ್ರಬಲವಾದುದು. ತಂದೆತಾಯಿಗಳಲ್ಲಿ ಒಂದಾದರೂ ನರೆಯುವ ಕುದುರೆಯಾಗಿಲ್ಲದಿದ್ದರೆ ಮರಿ ನರೆಯುವುದಿಲ್ಲ. ನರೆಯಲಿರುವ ಮರಿಯನ್ನು ಗುರುತಿಸುವ ಹೊರಗುರುತುಗಳೂ ಇವೆ. ಹುಟ್ಟುವಾಗ ಬಣ್ಣವು ಸಾಮಾನ್ಯ ಮರಿಗಳಿಗಿಂತ ಗಾಢವಾಗಿರುವುದುಂಟು. ಕಣ್ಣಿನ ಸುತ್ತ ಬೆರಳೆಣಿಕೆಯ ಬಿಳಿಗೂದಲುಗಳು ಮೊದಲು ಮೂಡುತ್ತವೆ. ನರೆಯು ಮುಖದಿಂದ ಆರಂಭವಾಗಿ ಉಳಿದ ಮೈಗೆ ಹಬ್ಬುತ್ತದೆ. ಹೀಗೆ ತಂದೆತಾಯಿ, ಮೈಗುರುತು, ಗುಣಾಣು ಎಂಬ ಮೂರು ಸಾಕ್ಷಿಗಳು ಇಲ್ಲಿ ಒಂದೇ ಮಾತನ್ನು ಹೇಳುತ್ತವೆ. ಮುನ್ನರಿವು ಸುಲಭವಾಗಿರುವುದು ಆದುದರಿಂದಲೇ.

3. ಅಪ್ಪಾಲೂಸಾ ಕುದುರೆಯ ತೊಡಕು

ಅಪ್ಪಾಲೂಸಾ ಕುದುರೆಯನ್ನು ಬೆಳೆಸಿದವರು ಅಮೆರಿಕದ ವಾಯವ್ಯ ಭಾಗದ ನೆಜ್ ಪರ್ಸ್ ಎಂಬ ಮೂಲನಿವಾಸಿಗಳು. ಆ ನಾಡಿನ ಪಲೂಸ್ ನದಿಯ ಹೆಸರೇ ತಳಿಯ ಹೆಸರಿಗೆ ಮೂಲವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. 1877ರ ಯುದ್ಧದಲ್ಲಿ ಆ ಜನ ಸೋತ ಮೇಲೆ ಅವರ ಕುದುರೆಗಳು ಚದರಿಹೋದವು. 1938ರಲ್ಲಿ ತಳಿಯ ಉದ್ಧಾರಕ್ಕಾಗಿ ಒಂದು ಸಂಘವು ಸ್ಥಾಪಿತವಾಯಿತು. ಆದರೆ ಚುಕ್ಕೆಗಳು ಆ ತಳಿಗಿಂತ ಎಷ್ಟೋ ಹಳೆಯವು. ಫ್ರಾನ್ಸಿನ ಪೆಷ್ ಮೆರ್ಲ್ ಗುಹೆಯಲ್ಲಿ ಸುಮಾರು 25,000 ವರ್ಷಗಳ ಹಿಂದೆ ಬರೆದ ಚುಕ್ಕೆಗುದುರೆಗಳ ಚಿತ್ರಗಳಿವೆ. ಅವು ಕಲಾವಿದನ ಕಲ್ಪನೆಯೆಂದು ಕೆಲವರು ತಿಳಿದಿದ್ದರು. ಹಿಮಯುಗದ ಕುದುರೆಗಳ ಎಲುಬುಗಳಲ್ಲಿ ಈ ಬಣ್ಣದ ಗುಣಾಣು ಇದ್ದುದು 2011ರಲ್ಲಿ ಪ್ರಕಟವಾದ ಮೇಲೆ, ಆ ಚಿತ್ರಕಾರನು ಕಣ್ಣಾರೆ ಕಂಡುದನ್ನೇ ಬರೆದಿರಬಹುದೆಂಬ ಅಭಿಪ್ರಾಯಕ್ಕೆ ಬಲ ಬಂದಿತು.

ಈ ಬಣ್ಣಗಳ ಹಿಂದೆ ಮುಖ್ಯವಾಗಿ ಎರಡು ಗುಣಾಣುಗಳಿವೆ. ಮೊದಲನೆಯದನ್ನು ಎಲ್‌ಪಿ ಎಂಬ ಸಂಕೇತದಿಂದ ಕರೆಯುತ್ತಾರೆ. ಇದು ಬಣ್ಣ ಬದಲಾಗುವುದಕ್ಕೆ ಅಪ್ಪಣೆ ಕೊಡುವ ಗುಣಾಣು. ಟಿಆರ್‌ಪಿಎಂ-1 ಎಂಬ ಗುಣಾಣುವಿನೊಳಗೆ 1,378 ಅಕ್ಷರಗಳ ಹೊರಗಿನ ತುಣುಕೊಂದು ಸೇರಿಕೊಂಡು ಅದರ ಕೆಲಸಕ್ಕೆ ಅಡ್ಡಿಯಾದುದರ ಫಲವೇ ಎಲ್‌ಪಿ ಎಂಬುದು 2013ರಲ್ಲಿ ಪ್ರಕಟವಾಯಿತು. ಎರಡನೆಯ ಗುಣಾಣು ಪಿಎಟಿಎನ್-1. ಬಿಳುಪು ಎಷ್ಟು ವಿಸ್ತಾರವಾಗಬೇಕೆಂಬುದನ್ನು ಇದು ನಿರ್ಧರಿಸುತ್ತದೆ. ಇದರ ನೆಲೆ 2016ರಲ್ಲಿ ಗೊತ್ತಾಯಿತು.

ಇವೆರಡರ ಸಂಬಂಧವನ್ನು ಕಾಲುವೆಯ ಉಪಮೆಯಿಂದ ವಿವರಿಸಬಹುದು. ಎಲ್‌ಪಿ ಎಂಬುದು ಕೆರೆಯ ತೂಬು, ಪಿಎಟಿಎನ್-1 ಎಂಬುದು ಕಾಲುವೆಯ ಅಗಲ. ತೂಬು ತೆರೆದು ಕಾಲುವೆಯೂ ಅಗಲವಾಗಿದ್ದರೆ ಮರಿಯು ಹುಟ್ಟುವಾಗಲೇ ಮೈತುಂಬ ಬಿಳುಪನ್ನೂ ಚುಕ್ಕೆಗಳನ್ನೂ ಹೊತ್ತು ಬರುತ್ತದೆ. ತೂಬು ತೆರೆದಿದ್ದು ಕಾಲುವೆ ಕಿರಿದಾಗಿದ್ದರೆ ಹುಟ್ಟುವಾಗ ಏನೂ ಕಾಣದೆ, ಬಿಳುಪು ವರ್ಷ ವರ್ಷಕ್ಕೆ ಸ್ವಲ್ಪಸ್ವಲ್ಪವಾಗಿ ಹರಿಯಬಹುದು. ತೂಬೇ ಮುಚ್ಚಿದ್ದರೆ ಕಾಲುವೆ ಎಷ್ಟು ಅಗಲವಿದ್ದರೂ ನೀರು ಹರಿಯದು. ಎಲ್‌ಪಿ ಇಲ್ಲದ ಕುದುರೆಯು ಪಿಎಟಿಎನ್-1ನ್ನು ಹೊತ್ತಿದ್ದರೂ ಅದು ಮೈಮೇಲೆ ಕಾಣಿಸದು. ಅಂತಹ ಕುದುರೆಯು ತನಗೆ ಕಾಣದ ಚಿತ್ರವನ್ನು ತನ್ನ ಮಕ್ಕಳಿಗೆ ದಾಟಿಸಬಲ್ಲುದು. ಒಂದೇ ಬಣ್ಣದ ತಾಯಿಗೆ ಮೈತುಂಬ ಚುಕ್ಕೆಯ ಮರಿ ಹುಟ್ಟಿದಾಗ ಸಾಕುವವರಿಗೆ ಆಗುತ್ತಿದ್ದ ಆಶ್ಚರ್ಯಕ್ಕೆ ಇದೇ ಸಮಾಧಾನ.

ಈಗ ಒಂದೇ ಬಣ್ಣವಾಗಿ ಹುಟ್ಟಿದ ಮರಿಯ ಕಡೆಗೆ ತಿರುಗೋಣ. ಕೂದಲು ಏನನ್ನೂ ಹೇಳದಿದ್ದಾಗ ಕೂದಲಿಲ್ಲದ ಭಾಗಗಳನ್ನು ಕೇಳಬೇಕು. ಎಲ್‌ಪಿ ಇರುವ ಮರಿಯಲ್ಲಿ ಮೂರು ಗುರುತುಗಳು ಕಾಣಿಸಿಕೊಳ್ಳಬಹುದು: ಮೂತಿ, ಕಣ್ಣಿನ ಅಂಚು, ಗುದ ಮತ್ತು ಜನನೇಂದ್ರಿಯಗಳ ಸುತ್ತಲಿನ ಚರ್ಮದಲ್ಲಿ ನಸುಗೆಂಪು ಮತ್ತು ಕಪ್ಪಿನ ಚಿಮುಕು, ಕಣ್ಣುಗುಡ್ಡೆಯ ಸುತ್ತ ಎದ್ದು ತೋರುವ ಬಿಳಿಯ ವಲಯ, ಗೊರಸಿನ ಮೇಲೆ ಉದ್ದುದ್ದವಾಗಿ ಇಳಿಯುವ ಕಪ್ಪು ಬಿಳುಪಿನ ಗೆರೆಗಳು. ಇವು ಹುಟ್ಟಿದ ದಿನವೇ ಕಾಣಬಹುದು, ತಿಂಗಳುಗಳ ಅನಂತರ ಸ್ಪಷ್ಟವಾಗಲೂಬಹುದು.

ಆದರೆ ಪ್ರತಿಯೊಂದು ಗುರುತಿಗೂ ಮೋಸದ ಜೊತೆಯೊಂದುಂಟು. ಕಾಲು ಬಿಳಿಯಾಗಿರುವ ಯಾವ ಕುದುರೆಯಲ್ಲಿಯೂ ಗೊರಸು ಗೆರೆಗೆರೆಯಾಗಿರಬಹುದು. ಮುಖದಲ್ಲಿ ಬಿಳಿಯ ಪಟ್ಟೆಯಿರುವ ಕುದುರೆಯ ಮೂತಿಯಲ್ಲಿ ನಸುಗೆಂಪು ಚರ್ಮ ಸಹಜವಾಗಿಯೇ ಇರುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಮರಿಗೂದಲು ಉದುರುವಾಗ ಮೈ ಮಾಸಲಾಗುವುದು ಎಲ್ಲ ಮರಿಗಳಿಗೂ ಸಾಮಾನ್ಯ, ಅದು ನರೆಯ ಆರಂಭವಲ್ಲ. ಆದುದರಿಂದ ಪಟ್ಟೆಯಿಲ್ಲದ ಕಾಲಿನ ಗೊರಸಿನಲ್ಲಿ ಗೆರೆಯಿದೆಯೇ, ಪಟ್ಟೆಯಿಲ್ಲದ ಮುಖದ ಮೂತಿಯಲ್ಲಿ ಚಿಮುಕಿದೆಯೇ ಎಂದು ನೋಡಬೇಕು.

ಬಿಳಿಗೂದಲು ಬರತೊಡಗಿದ ಮೇಲೂ ಎಚ್ಚರಿಕೆ ಬೇಕು, ಏಕೆಂದರೆ ಬೆಳ್ಳಗಾಗುವ ದಾರಿಗಳು ಹಲವು. ಮುಖ ಮೊದಲು ಬೆಳ್ಳಗಾದರೆ ಅದು ಹಿಂದೆ ಹೇಳಿದ ಸಾಮಾನ್ಯ ನರೆ. ಮರಿಗೂದಲು ಉದುರಿದೊಡನೆ ಮೈಯಲ್ಲಿ ಬಿಳಿಗೂದಲು ಬೆರೆತು, ತಲೆ ಮತ್ತು ಕಾಲುಗಳು ಗಾಢವಾಗಿಯೇ ಉಳಿದು, ಆಮೇಲೆ ಬದಲಾವಣೆ ನಿಂತರೆ ಅದು ರೋನ್ ಎಂಬ ಬೇರೆಯದೇ ಬಣ್ಣ. ಬಿಳುಪು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ, ಮೂಗಿನ ಮೂಳೆ, ದವಡೆಯ ಅಂಚು, ಸೊಂಟದ ತುದಿ, ಮೊಣಕಾಲು ಮುಂತಾದ ಮೂಳೆ ಎದ್ದ ಭಾಗಗಳು ಮಾತ್ರ ಗಾಢವಾಗಿ ಉಳಿದರೆ ಅದು ಎಲ್‌ಪಿಯ ಕೆಲಸ.

4. ಲೆಕ್ಕದ ಮಾತು

ಕಾಲೇಜಿನ ವಿದ್ಯಾರ್ಥಿಗಳಿಗೆ ಈ ಸಮಸ್ಯೆಯಲ್ಲಿ ಸಂಭಾವ್ಯತೆಯ ಒಂದು ಒಳ್ಳೆಯ ಪಾಠವಿದೆ. ತಂದೆಯಲ್ಲಿ ಎಲ್‌ಪಿ ಒಂದು ಪ್ರತಿ ಮಾತ್ರ ಇದೆ, ತಾಯಿಯಲ್ಲಿ ಇಲ್ಲ ಎಂದಿಟ್ಟುಕೊಳ್ಳೋಣ. ಮೆಂಡೆಲನ ನಿಯಮದಂತೆ ಮರಿಗಳಲ್ಲಿ ಅರ್ಧದಷ್ಟಕ್ಕೆ ಎಲ್‌ಪಿ ಬರುತ್ತದೆ. ಹಾಗಾದರೆ ಒಂದೇ ಬಣ್ಣವಾಗಿ ಹುಟ್ಟಿದ ಮರಿಯು ಮುಂದೆ ಬದಲಾಗುವ ಸಂಭವವೂ ಅರ್ಧವೇ? ಅಲ್ಲ. ಚಿತ್ರಿತವಾಗಿ ಹುಟ್ಟಲಿಲ್ಲವೆಂಬುದೇ ಒಂದು ಸುದ್ದಿ. ಆ ಸುದ್ದಿಯನ್ನು ಲೆಕ್ಕಕ್ಕೆ ಸೇರಿಸಬೇಕು.

ಲೆಕ್ಕದ ಸೌಕರ್ಯಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ, ಇವು ಅಳೆದು ಪಡೆದ ಅಂಕಿಗಳಲ್ಲ. ಇಂತಹ ತಂದೆತಾಯಿಗಳಿಗೆ 80 ಮರಿಗಳು ಹುಟ್ಟಿದರೆ 40ಕ್ಕೆ ಎಲ್‌ಪಿ ಇರುತ್ತದೆ. ಅವುಗಳಲ್ಲಿ 30 ಮರಿಗಳು ಹುಟ್ಟುವಾಗಲೇ ಬಣ್ಣ ತೋರಿದುವು, 10 ತೋರಲಿಲ್ಲ. ಎಲ್‌ಪಿ ಇಲ್ಲದ 40 ಮರಿಗಳೂ ಒಂದೇ ಬಣ್ಣದವು. ಈಗ ಒಂದೇ ಬಣ್ಣದ ಮರಿಗಳು ಒಟ್ಟು 50, ಅವುಗಳಲ್ಲಿ ಬದಲಾಗುವಂಥವು 10. ಎಂದರೆ ಸಂಭವವು ಅರ್ಧದಿಂದ ಐದನೆಯ ಒಂದಕ್ಕೆ ಇಳಿಯಿತು.

ಇನ್ನು ಮೈಗುರುತುಗಳನ್ನು ನೋಡೋಣ. ಬದಲಾಗಲಿರುವ 10ರಲ್ಲಿ 8 ಮರಿಗಳಿಗೆ ಗೊರಸಿನ ಗೆರೆಯೋ ಚರ್ಮದ ಚಿಮುಕೋ ಇದೆ. ಬದಲಾಗದ 40ರಲ್ಲಿ 4 ಮರಿಗಳಿಗೆ ಬಿಳಿಗಾಲಿನಿಂದಾಗಿ ಅಂತಹದೇ ಗುರುತಿದೆ. ಗುರುತಿರುವ ಮರಿಗಳು 12, ಅವುಗಳಲ್ಲಿ ನಿಜವಾಗಿ ಬದಲಾಗುವುವು 8. ಸಂಭವ ಮೂರರಲ್ಲಿ ಎರಡು. ಗುರುತಿಲ್ಲದ ಮರಿಗಳು 38, ಅವುಗಳಲ್ಲಿ ಬದಲಾಗುವುವು 2. ಸಂಭವ ಹತ್ತೊಂಬತ್ತರಲ್ಲಿ ಒಂದು. ಪರೀಕ್ಷಿಸುವ ಕಣ್ಣು ಸೂಕ್ಷ್ಮವಾದಷ್ಟೂ ಈ ಎರಡು ಸಂಖ್ಯೆಗಳು ಒಂದರಿಂದೊಂದು ದೂರ ಸರಿಯುತ್ತವೆ. ಆದರೆ ಹೊರಗಣ್ಣಿನ ಪರೀಕ್ಷೆಯಿಂದ ಅವು ಪೂರ್ಣ ಒಂದನ್ನೋ ಸೊನ್ನೆಯನ್ನೋ ತಲುಪುವುದು ಅಪೂರ್ವ. ಅಲ್ಲಿಗೆ ತಲುಪಿಸುವುದು ಕೂದಲಿನ ಬುಡದಿಂದ ಮಾಡುವ ಗುಣಾಣುವಿನ ಪರೀಕ್ಷೆ.

ಕೆಲವೊಮ್ಮೆ ವಂಶವೇ ತೀರ್ಪು ಕೊಟ್ಟುಬಿಡುತ್ತದೆ. ತಂದೆಯಲ್ಲಿ ಎಲ್‌ಪಿ ಎರಡು ಪ್ರತಿಗಳಿದ್ದರೆ ಎಲ್ಲ ಮರಿಗಳಿಗೂ ಅದು ಬಂದೇ ಬರುತ್ತದೆ. ಒಂದೇ ಬಣ್ಣವಾಗಿ ಹುಟ್ಟಿದ ಮರಿಯೂ ಎಲ್‌ಪಿಯನ್ನು ಹೊತ್ತಿರುತ್ತದೆ, ಬಣ್ಣ ಎಷ್ಟು ಬದಲಾಗುವುದೆಂಬುದೊಂದೇ ಅಲ್ಲಿ ಉಳಿಯುವ ಪ್ರಶ್ನೆ. ತಂದೆತಾಯಿಗಳಿಬ್ಬರಲ್ಲಿಯೂ ಎಲ್‌ಪಿ ಇಲ್ಲವೆಂದು ಪರೀಕ್ಷೆಯಿಂದ ಖಚಿತವಾಗಿದ್ದರೆ ಆಸೆಯನ್ನು ಬಿಡಬೇಕು.

5. ಅಂದಕ್ಕಿಂತ ಮಿಗಿಲಾದ ಮಾತು

ಇಷ್ಟೆಲ್ಲ ಶ್ರಮ ಕೇವಲ ಮೈಬಣ್ಣಕ್ಕಾಗಿಯೇ ಎಂದು ವಾಚಕರು ಕೇಳಬಹುದು. ಟಿಆರ್‌ಪಿಎಂ-1 ಗುಣಾಣುವು ಚರ್ಮದಲ್ಲಿ ಮಾತ್ರವಲ್ಲದೆ ಕಣ್ಣಿನ ಒಳಪದರದಲ್ಲಿಯೂ ಕೆಲಸ ಮಾಡುತ್ತದೆ. ಮಂದ ಬೆಳಕಿನ ಸಂಕೇತವನ್ನು ಒಂದು ಕೋಶದಿಂದ ಮುಂದಿನ ಕೋಶಕ್ಕೆ ದಾಟಿಸಲು ಅದು ಅವಶ್ಯಕ. ಎಲ್‌ಪಿ ಎರಡು ಪ್ರತಿಗಳಿರುವ ಕುದುರೆಯಲ್ಲಿ ಈ ಕೆಲಸ ನಿಂತುಹೋಗುವುದರಿಂದ ಅದು ಹುಟ್ಟಿನಿಂದಲೇ ಇರುಳುಗುರುಡಾಗಿರುತ್ತದೆ. ಬಣ್ಣಕ್ಕೂ ಇರುಳುಗುರುಡಿಗೂ ಇರುವ ಈ ಸಂಬಂಧವನ್ನು ತೋರಿಸುವ ಅಧ್ಯಯನವು 2007ರಲ್ಲಿ ಹೊರಬಂದಿತು. ಇಂತಹ ಕುದುರೆಯು ಹಗಲಿನಲ್ಲಿ ಸರಿಯಾಗಿ ನಡೆದು, ಕತ್ತಲಾದೊಡನೆ ಬೆದರಿ, ಬೇಲಿಗೆ ಬಡಿದು ಗಾಯಗೊಳ್ಳಬಹುದು. ಕಾರಣ ತಿಳಿಯದ ಒಡೆಯನು ಅದನ್ನು ಮೊಂಡು ಕುದುರೆಯೆಂದು ಹೊಡೆಯಲೂಬಹುದು.

ಎಲ್‌ಪಿ ಒಂದೊಂದು ಪ್ರತಿಯುಳ್ಳ ಎರಡು ಕುದುರೆಗಳನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಗೆ ಎರಡು ಪ್ರತಿಗಳು ಬರುವ ಸಂಭವವಿದೆ. ಬಣ್ಣವನ್ನು ಖಚಿತಪಡಿಸಿಕೊಳ್ಳುವ ಆತುರದಲ್ಲಿ ಸಾಕುವವನು ಕುರುಡನ್ನೂ ಬಿತ್ತುತ್ತಾನೆ. ಆದುದರಿಂದ ಮುನ್ನರಿವಿನ ಶಾಸ್ತ್ರದ ಹೆಚ್ಚಿನ ಬೆಲೆಯಿರುವುದು ಸಂತೆಯಲ್ಲಿ ಲಾಭ ಪಡೆಯುವುದರಲ್ಲಲ್ಲ, ಪ್ರಾಣಿಗೆ ಬರಬಹುದಾದ ಕಷ್ಟವನ್ನು ಮೊದಲೇ ಅರಿಯುವುದರಲ್ಲಿ.

6. ಮತ್ತೆ ಮಾಡದಕೆರೆಯ ಕರು

ಈಗ ಆರಂಭದ ಪ್ರಶ್ನೆಗೆ ಹಿಂದಿರುಗೋಣ. ಕುದುರೆಯಲ್ಲಿರುವಂತೆ ಹಳ್ಳಿಕಾರ್ ಅಥವಾ ಅಮೃತಮಹಲ್ ಕರುವಿನ ಬಣ್ಣವನ್ನು ಒಂದೇ ಗುಣಾಣುವಿನ ಪರೀಕ್ಷೆಯಿಂದ ನಿರ್ಣಯಿಸುವ ಸೌಲಭ್ಯ ರೈತನ ಕೈಯಲ್ಲಿಲ್ಲ. ಆದರೂ ದಾರಿಯನ್ನು ತೋರುವ ಕೆಲಸಗಳು ನಡೆದಿವೆ. ಆಂಧ್ರದ ಓಂಗೋಲು ದನಗಳ ಸಂತತಿಯಾದ ಬ್ರೆಜಿಲ್ ದೇಶದ ನೆಲೋರ್ ತಳಿಯಲ್ಲಿ ಮೈಯ ಕಪ್ಪುಛಾಯೆಯ ಏರಿಳಿತಕ್ಕೆ ಎಎಸ್‌ಐಪಿ ಎಂಬ ಗುಣಾಣುವಿನ ವ್ಯತ್ಯಾಸಗಳು ಕಾರಣವಾಗುವುದನ್ನು 2021ರಲ್ಲಿ ತೋರಿಸಲಾಯಿತು. ಕಪ್ಪು ದ್ರವ್ಯವೋ ಕೆಂಪು ದ್ರವ್ಯವೋ ಎಂಬುದನ್ನು ತಿರುಗಿಸುವ ಕೀಲಿ ಇದೇ.

ಪರೀಕ್ಷೆಯಿಲ್ಲದಿದ್ದರೂ ಕುದುರೆಯಿಂದ ಕಲಿತ ಕ್ರಮ ನಮಗೆ ಉಪಯೋಗಕ್ಕೆ ಬರುತ್ತದೆ. ಮೊದಲು ವಂಶವನ್ನು ಕೇಳಬೇಕು. ತಾಯಿಯ ಬಣ್ಣವೊಂದೇ ಸಾಲದು, ಹೋರಿಯ ಬಣ್ಣವನ್ನೂ, ಅದೇ ತಾಯಿಯ ಹಿಂದಿನ ಕರುಗಳು ಹುಟ್ಟಿದಾಗ ಹೇಗಿದ್ದು ಬೆಳೆದಾಗ ಹೇಗಾದುವೆಂಬುದನ್ನೂ ವಿಚಾರಿಸಬೇಕು. ಅನಂತರ ಕೂದಲಿಲ್ಲದ ಭಾಗಗಳನ್ನು ನೋಡಬೇಕು. ಕೆಂಗಂದು ಕರುವಿನ ಮೂತಿ, ಗೊರಸು, ಕಣ್ಣಿನ ಅಂಚು ಕಪ್ಪಾಗಿದ್ದು, ಬಾಲದ ಕುಚ್ಚಿನಲ್ಲಿಯೂ ಕಪ್ಪು ಕೂದಲಿದ್ದರೆ, ಕರಿಯ ದ್ರವ್ಯವನ್ನು ತಯಾರಿಸುವ ಶಕ್ತಿ ಅದಕ್ಕಿದೆಯೆಂದು ತಿಳಿಯಬಹುದು. ವಂಶವೂ ಬೂದುಬಣ್ಣದ್ದಾಗಿದ್ದರೆ ಅದು ಬೂದಿಗೆ ತಿರುಗುವುದೆಂಬ ನಿರೀಕ್ಷೆ ನ್ಯಾಯವಾದುದು. ಬಾಲದ ಕುಚ್ಚೂ ಕೆಂಪಾಗಿದ್ದು ಮೂತಿಯೂ ತಿಳಿಯಾಗಿದ್ದರೆ ಆ ನಿರೀಕ್ಷೆ ದುರ್ಬಲವಾಗುತ್ತದೆ.

ಬೂದುತನದ ಗಾಢತೆಯಾದರೋ ಬೇರೆಯ ಮಾತು. ಹಳ್ಳಿಕಾರ್ ದನದ ಬಣ್ಣ ಬೂದಿನಿಂದ ಕಡುಬೂದಿನವರೆಗೆ ಇರುತ್ತದೆ. ಮುಂಗಾಲು ಹಿಂಗಾಲುಗಳ ಮೇಲ್ಭಾಗದಲ್ಲಿ ಛಾಯೆ ಹೆಚ್ಚು. ಬೂದು ತಳಿಗಳ ಬೀಜದ ಹೋರಿಗಳಲ್ಲಿ ಕುತ್ತಿಗೆ, ಹಿಣಿಲು ಮತ್ತು ತೊಡೆಗಳು ಪ್ರಾಯ ಬಂದಂತೆ ಕಪ್ಪಾಗುತ್ತವೆ, ಬೀಜ ಒಡೆಸಿದ ಎತ್ತುಗಳು ಹೋರಿಗಳಿಗಿಂತ ತಿಳಿಯಾಗಿರುತ್ತವೆ. ಆದುದರಿಂದ ಜೋಡಿ ಮಾಡುವವನು ಎರಡು ಕರುಗಳಿಗೂ ಒಂದೇ ವಯಸ್ಸಿನಲ್ಲಿ ಬೀಜ ಒಡೆಸುವುದು ಬಣ್ಣದ ದೃಷ್ಟಿಯಿಂದಲೂ ಮೇಲು.

ಮೋಸದ ಗುರುತುಗಳು ಇಲ್ಲಿಯೂ ಉಂಟು. ನೊಗ ಉಜ್ಜಿ ಗಾಯವಾಗಿ ಮಾಯ್ದ ಸ್ಥಳದಲ್ಲಿ ಬಿಳಿಗೂದಲು ಬರುತ್ತದೆ, ಅದು ವಂಶದ ಗುಣವಲ್ಲ. ಮೇವಿನಲ್ಲಿ ತಾಮ್ರದ ಅಂಶ ಕಡಿಮೆಯಾದರೆ ದನದ ಕಪ್ಪು ಕೂದಲು ತುಕ್ಕುಬಣ್ಣಕ್ಕೆ ತಿರುಗುತ್ತದೆ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಿಳುಪಾಗುತ್ತದೆ. ಇದನ್ನು ಬಣ್ಣ ತಿರುಗುತ್ತಿರುವ ಲಕ್ಷಣವೆಂದು ತಿಳಿದು ಸುಮ್ಮನಿದ್ದರೆ ಕರು ಬಡಕಲಾಗುತ್ತದೆ. ಪಶುವೈದ್ಯನನ್ನು ಕಾಣುವುದು ಇಲ್ಲಿ ಕರ್ತವ್ಯ.

ಸುಳಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ಕೂದಲಿನ ಸುಳಿಗಳನ್ನು ನೋಡಿ ಕರುವಿನ ಭವಿಷ್ಯವನ್ನೂ ಒಡೆಯನ ಭವಿಷ್ಯವನ್ನೂ ಹೇಳುವ ರೂಢಿ ನಮ್ಮಲ್ಲಿದೆ. ಸುಳಿಯು ಭ್ರೂಣಾವಸ್ಥೆಯಲ್ಲಿಯೇ ನಿಶ್ಚಿತವಾಗುವ ಕೂದಲಿನ ದಿಕ್ಕು, ಅದು ವಯಸ್ಸಿನೊಡನೆ ಬದಲಾಗದು. ಪ್ರಾಣಿಯನ್ನು ಗುರುತು ಹಿಡಿಯುವುದಕ್ಕೆ ಅದು ಬಹಳ ಒಳ್ಳೆಯದು. ಮುಂದಿನ ಬಣ್ಣವನ್ನಾಗಲಿ ಒಡೆಯನ ಅದೃಷ್ಟವನ್ನಾಗಲಿ ಹೇಳುವ ಶಕ್ತಿ ಅದಕ್ಕಿಲ್ಲ. ದೋಷದ ಸುಳಿಯ ನೆಪದಲ್ಲಿ ಬಡವನ ಕರುವಿಗೆ ಬೆಲೆ ಇಳಿಸುವುದು ಶಾಸ್ತ್ರವೂ ಅಲ್ಲ, ನ್ಯಾಯವೂ ಅಲ್ಲ.

7. ಉಪಸಂಹಾರ

ಈ ವಿಷಯದಲ್ಲಿ ನಮ್ಮ ಕಾಲೇಜುಗಳು ಮಾಡಬಹುದಾದ ಕೆಲಸ ದೊಡ್ಡದು, ಅದಕ್ಕೆ ಬೇಕಾದ ಸಲಕರಣೆ ಅಲ್ಪ. ವಿದ್ಯಾರ್ಥಿಯೊಬ್ಬನು ತನ್ನ ಊರಿನ ಹತ್ತು ಕರುಗಳನ್ನು ಆರಿಸಿಕೊಂಡು, ಹುಟ್ಟಿದ ವಾರದಲ್ಲಿ ಒಮ್ಮೆ, ಅನಂತರ ತಿಂಗಳಿಗೊಮ್ಮೆ, ಒಂದೇ ಹೊತ್ತಿನ ಬೆಳಕಿನಲ್ಲಿ ಅವುಗಳ ಚಿತ್ರ ತೆಗೆಯಲಿ. ತಾಯಿಯ ಬಣ್ಣ, ಹೋರಿಯ ಬಣ್ಣ, ಕೃತಕ ಗರ್ಭಧಾರಣೆಯಾಗಿದ್ದರೆ ಹೋರಿಯ ಸಂಖ್ಯೆ, ಮೂತಿ, ಗೊರಸು, ಬಾಲದ ಕುಚ್ಚುಗಳ ಬಣ್ಣ ಇವನ್ನು ಬರೆದಿಡಲಿ. ಮೊದಲ ವಾರದಲ್ಲಿಯೇ ತನ್ನ ಮುನ್ನರಿವನ್ನು ಬರೆದು ಮುಚ್ಚಿಡಲಿ, ಎರಡು ವರ್ಷದ ಅನಂತರ ತೆರೆದು ನೋಡಲಿ. ಎಷ್ಟು ತಪ್ಪಿತೆಂಬುದನ್ನು ಎಣಿಸದ ಮುನ್ನರಿವು ಕಣಿ ಹೇಳಿದಂತೆ, ಎಣಿಸಿ ತಿದ್ದಿಕೊಂಡ ಮುನ್ನರಿವು ವಿಜ್ಞಾನ.

ಕೊಟ್ಟಿಗೆಯ ಮುಂದೆ ನಿಂತ ರೈತನಿಗೆ ನಾವು ಇಂದು ಹೇಳಬಹುದಾದುದು ಇಷ್ಟು: ಕೂದಲನ್ನು ನೋಡಿ ಬೆಲೆ ಕಟ್ಟಬೇಡ. ವಂಶವನ್ನು ಕೇಳು, ಮೂತಿ ಗೊರಸುಗಳನ್ನು ನೋಡು, ಕೆಲವು ತಿಂಗಳು ಕಾಯುವುದು ಸಾಧ್ಯವಿದ್ದರೆ ಕಾದು ಕೊಳ್ಳು. ‘ಹೆಚ್ಚಾಗಿ ಹೀಗಾಗುವುದು’ ಎಂದು ಹೇಳುವವನ ಮಾತಿಗೆ ‘ಖಂಡಿತ ಹೀಗೆಯೇ’ ಎನ್ನುವವನ ಮಾತಿಗಿಂತ ಹೆಚ್ಚಿನ ಬೆಲೆ ಕೊಡು. ಮತ್ತು ಬಣ್ಣವು ನಿರೀಕ್ಷೆಯಂತೆ ಬಾರದೆ ಹೋದರೂ ನೊಗಕ್ಕೆ ಹೆಗಲು ಕೊಡುವುದು ಎತ್ತಿನ ಬಲವೇ ಹೊರತು ಅದರ ಬಣ್ಣವಲ್ಲವೆಂಬುದು ನಿನಗೆ ನಮಗಿಂತ ಚೆನ್ನಾಗಿ ತಿಳಿದಿದೆ.